ಹಿಂದಕ್ಕೆ ಹೋದ ಎಸೆತ

"ಮಾಮ, ಚೆಂಡು ಹಿಂದಕ್ಕೆ ಹೋಯ್ತಲ್ಲ!"

ಇಲ್ಕಾಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಕ್ರೀಡಾಂಗಣ ತುಂಬ ಜನ ಒಮ್ಮೆಲೇ ಎದ್ದು ಅರಚುತ್ತಿರುವಾಗ ಹತ್ತು ವರ್ಷದ ಹುಡುಗಿಯ ಮಾತನ್ನು ಕೇಳುವವರಾರು? ಮೈದಾನದ ಮೂಲೆಯಲ್ಲಿ ಕಟ್ಟಿದ್ದ ಹಡಗಿನ ಕೊಂಬು ಭೋಂ ಎಂದು ಮೊಳಗಿತು. ದೊಡ್ಡ ಪರದೆಯ ಮೇಲೆ "ದಾಖಲೆ! ದಾಖಲೆ!" ಎಂಬ ಅಕ್ಷರಗಳು ಬೆಂಕಿ ಹತ್ತಿಕೊಂಡಂತೆ ಕುಣಿದವು.

ಇಲ್ಕಾ ಮಾಮನ ತೋಳು ಹಿಡಿದು ಜಗ್ಗಿದಳು. ಗ್ಯೂರಿ ಮಾಮ, ಅಂದರೆ ಅವಳ ಅಮ್ಮನ ತಮ್ಮ, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನ ಮುಖದ ಅರ್ಧಕ್ಕೆ ಕಿತ್ತಳೆ ಬಣ್ಣ, ಇನ್ನರ್ಧಕ್ಕೆ ಕಪ್ಪು ಬಣ್ಣ. ಕಣ್ಣೀರಿಗೆ ಎರಡೂ ಕರಗಿ ಗಡ್ಡದಲ್ಲಿ ಕೆಸರಾಗಿತ್ತು.

"ಏನೇ ಅಂದೆ?"

"ಚೆಂಡು ಹಿಂದಕ್ಕೆ ಹೋಯ್ತು ಅಂದೆ. ರೋಲಂಡ್ ಆ ಬಿಳೀ ಗೆರೆ ಮೇಲೇ ನಿಂತಿದ್ದ. ಹಿಡಿದೋನು ಗೆರೆಗಿಂತ ಹಿಂದೆ ಇದ್ದ. ನಾವು ಗೆರೆ ನೇರಕ್ಕೇ ಕೂತಿದೀವಲ್ಲ, ಚೆನ್ನಾಗಿ ಕಾಣ್ತು."

"ಬಾಯ್ ಮುಚ್ಕೊಂಡು ಚಪ್ಪಾಳೆ ತಟ್ಟೇ! ಕಣ್ಣೆದುರಿಗೆ ಇತಿಹಾಸ ನಡೀತಿದೆ, ಇವಳಿಗೆ ಗೆರೆ ಚಿಂತೆ!"

ಇಲ್ಕಾ ಬಾಯಿ ಮುಚ್ಚಿಕೊಂಡಳು. ಚಪ್ಪಾಳೆಯನ್ನೂ ತಟ್ಟಿದಳು.

ಚೆಂಡನ್ನು ಕೈಯಲ್ಲಿ ಎಸೆದು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನ ಈ ನಿಯಮವನ್ನು ಟೊಲೀಡೊ ಊರಿನ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿಯುತ್ತಾರೆ. ಎಸೆಗಾರನ ಕೈಯಿಂದ ಚೆಂಡು ಮುಂದಕ್ಕೆ ಹೋದರೆ ಮಾತ್ರ ಅದು ಎಸೆತ. ಹಿಡಿದವನು ಆಮೇಲೆ ಎಷ್ಟು ಗಜ ಓಡಿದರೂ ಅಷ್ಟೂ ಎಸೆಗಾರನ ಲೆಕ್ಕಕ್ಕೆ ಸೇರುತ್ತದೆ. ಚೆಂಡು ಒಂದು ಗೇಣು ಹಿಂದಕ್ಕೆ ಹೋಯಿತೋ, ಆ ಗಜಗಳೆಲ್ಲ ಓಡಿದವನ ಪಾಲು. ಎಸೆಗಾರನಿಗೆ ಸೊನ್ನೆ.

ರೋಲಂಡ್ ಪ್ರೂಯಿಟ್, ಹಡಗೆಳೆಯುವ ದೋಣಿಗಳ ಹೆಸರು ಹೊತ್ತ ಆ ಊರಿನ ಟಗ್ಸ್ ತಂಡದ ಎಸೆಗಾರ. ಹದಿನೆಂಟು ವರ್ಷ ಎಸೆದು ಎಸೆದು ಅವನ ಭುಜ ಸವೆದಿತ್ತು. ಅಂದಿನ ಪಂದ್ಯವೇ ಅವನ ಕೊನೆಯ ಪಂದ್ಯ. ಆಟದ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಜ ಎಸೆದವನೆಂಬ ಹೆಸರು ಆವರೆಗೆ ಡಲೂತ್ ತಂಡದ ಹಳೆಯ ಎಸೆಗಾರ ಬ್ರೆನೆಕ್‌ನದು. ಅದನ್ನು ಮುರಿಯಲು ರೋಲಂಡನಿಗೆ ಅಂದು ಇನ್ನೂರು ಗಜ ಬೇಕಾಗಿತ್ತು.

ಟಗ್ಸ್ ತಂಡ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ. ಆ ವರ್ಷವಂತೂ ಚಾಂಪಿಯನ್ ಪಟ್ಟದ ಹಾದಿಯಿಂದ ಚಳಿಗಾಲಕ್ಕೆ ಮೊದಲೇ ಹೊರಬಿದ್ದಿತ್ತು. ಕಪ್ ಸಿಗದ ಊರು ಅಂಕಿಯನ್ನೇ ಕಪ್ ಎಂದು ತಲೆಯ ಮೇಲೆ ಹೊತ್ತುಕೊಂಡಿತು. ಆ ಭಾನುವಾರ ಪಾದ್ರಿಗಳು ಕೂಡ ಗಡಿಯಾರ ನೋಡಿ ಉಪದೇಶವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಗ್ಯೂರಿ ಮಾಮ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ಕಂಡು ಅವನ ಭಕ್ತಿಗೆ ಅಕ್ಕಪಕ್ಕದವರು ಬೆರಗಾದರು. ಅವನು ಬೇಡಿಕೊಂಡದ್ದು ಇನ್ನೂರು ಗಜ.

ಮೈದಾನದಲ್ಲಿ ಆಟ ನಿಂತಿತ್ತು. ರೋಲಂಡನ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಚೆಂಡನ್ನು ಬಿಳಿಯ ಕೈಗವಸು ತೊಟ್ಟವನೊಬ್ಬ ಗಾಜಿನ ಪೆಟ್ಟಿಗೆಯಲ್ಲಿಟ್ಟು, ದೇವರ ಉತ್ಸವಮೂರ್ತಿಯನ್ನು ಹೊರುವವನ ಗಾಂಭೀರ್ಯದಿಂದ ಹೊತ್ತುಕೊಂಡು ಹೋದ. ತಂಡದ ಯಜಮಾನ ಭಾಷಣ ಮಾಡಿದ. ಕೋಚ್ ರೋಲಂಡನನ್ನು ಅಪ್ಪಿಕೊಂಡು, "ಇನ್ನು ಸಾಕು, ಕೂತ್ಕೋ ರಾಜ" ಎಂದು ಬೆಂಚಿನ ಮೇಲೆ ಕೂರಿಸಿ ಕಂಬಳಿ ಹೊದಿಸಿದ.

ಆಟ ಇನ್ನೂ ಕಾಲುಭಾಗ ಉಳಿದಿತ್ತು. ಆ ಹೊತ್ತನ್ನೆಲ್ಲ ರೋಲಂಡ್ ಕಂಬಳಿಯೊಳಗಿಂದ ಜನರಿಗೆ ಕೈಬೀಸುತ್ತಾ ಕಳೆದ. ಟಗ್ಸ್ ಸೋತಿತು. ಅದನ್ನು ಯಾರೂ ಗಮನಿಸಲಿಲ್ಲ.

*

ಇಲ್ಕಾ ಮಾತ್ರ ದಾರಿಯುದ್ದಕ್ಕೂ ಆ ಗೆರೆಯನ್ನೇ ನೆನೆಯುತ್ತಿದ್ದಳು. ಅದಕ್ಕೆ ಕಾರಣವಿತ್ತು. ಶುಕ್ರವಾರ ಅವಳು ಆರ್ವೋ ಜೊತೆ ಪಂದ್ಯ ಕಟ್ಟಿದ್ದಳು.

ಆರ್ವೋ ಲೆಹ್ಟಿನೆನ್ ತರಗತಿಗೆ ಹೊಸಬ. ಅವನ ತಾಯಿಗೆ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅವರು ಡಲೂತ್ ಊರು ಬಿಟ್ಟು ಇಲ್ಲಿಗೆ ಬಂದಿದ್ದರು. ಬಂದವನು ಸುಮ್ಮನಿರಬಾರದೆ? ಮೊದಲ ದಿನವೇ ಡಲೂತ್ ತಂಡದ ಬೂದುಬಣ್ಣದ ಟೋಪಿ ಹಾಕಿಕೊಂಡು ಬಂದ. ಅಂದಿನಿಂದ ಅವನ ಹೆಸರೇ "ಡಲೂತ್" ಆಯಿತು.

"ಲೋ ಡಲೂತ್, ಭಾನುವಾರ ನಿಮ್ಮ ಬ್ರೆನೆಕ್ ಕತೆ ಮುಗೀತು ಕಣೋ" ಎಂದು ಇಲ್ಕಾ ಕೆಣಕಿದ್ದಳು.

"ಬ್ರೆನೆಕ್‌ಗೆ ಮೂರು ಚಾಂಪಿಯನ್ ಉಂಗುರ ಇದೆ. ನಿಮ್ಮ ರೋಲಂಡ್ ಬೆರಳಲ್ಲಿ ಏನಿದೆ? ಉಗುರು!"

ಇಡೀ ತರಗತಿ ಗೊಳ್ಳೆಂದಿತು. ಇಲ್ಕಾಳ ಕಿವಿ ಕೆಂಪಾಯಿತು. "ಹಾಗಾದ್ರೆ ಕಟ್ಟು ಪಂದ್ಯ! ರೋಲಂಡ್ ದಾಖಲೆ ಮುರಿದ್ರೆ ಸೋಮವಾರ ನೀನು ಟಗ್ಸ್ ಜೆರ್ಸಿ ಹಾಕ್ಕೊಂಡು ಬರ್ಬೇಕು. ಊಟದ ಹೊತ್ತಲ್ಲಿ ಬೆಂಚ್ ಮೇಲೆ ನಿಂತು ನಮ್ಮ ಹಾಡು ಹೇಳ್ಬೇಕು."

"ಮುರೀದೆ ಇದ್ರೆ?"

"ನಾನು ನಿಮ್ಮ ಬೂದಿ ಬಳ್ಕೊಂಡಿರೋ ಜೆರ್ಸಿ ಹಾಕ್ತೀನಿ. ನಿಮ್ಮ ಹಾಡು ಹೇಳ್ತೀನಿ. ಆದ್ರೆ ಅದು ಆಗೋ ಮಾತಲ್ಲ ಬಿಡು."

ಆಗದ ಮಾತು ಈಗ ಅವಳನ್ನು ಬಿಡದೆ ಹಿಂಬಾಲಿಸುತ್ತಿತ್ತು. ಪರದೆ ದಾಖಲೆಯೆಂದಿತು, ಕೊಂಬು ದಾಖಲೆಯೆಂದಿತು, ಊರೇ ದಾಖಲೆಯೆಂದಿತು. ಎಲ್ಲರೂ ಹೇಳಿದ ಮೇಲೆ ತಾನೊಬ್ಬಳು ನೋಡಿದ್ದರಿಂದ ಏನಾಗಬೇಕು? ಮನೆ ತಲುಪುವಷ್ಟರಲ್ಲಿ ಇಲ್ಕಾ ಆ ಪ್ರಶ್ನೆಯನ್ನು ಮಡಚಿ ಮನಸ್ಸಿನ ಮೂಲೆಗೆ ತಳ್ಳಿದ್ದಳು. ಮಾಮನ ಜೆರ್ಸಿಗಳಲ್ಲಿ ಅತ್ಯಂತ ದೊಡ್ಡದನ್ನೂ ಅತ್ಯಂತ ಕೊಳಕಾದುದನ್ನೂ ಹುಡುಕಿ ಚೀಲಕ್ಕೆ ತುರುಕಿದಳು.

*

ಸೋಮವಾರ ಆರ್ವೋ ನೆಪ ಹೇಳಲಿಲ್ಲ, ತಪ್ಪಿಸಿಕೊಳ್ಳಲಿಲ್ಲ. ಇಲ್ಕಾ ಕೊಟ್ಟ ಜೆರ್ಸಿಯನ್ನು ಸ್ವೆಟರಿನ ಮೇಲೆಯೇ ತೊಟ್ಟುಕೊಂಡ. ಅದು ಅವನ ಮೊಣಕಾಲಿನವರೆಗೆ ಇಳಿಯಿತು. ಎದೆಯ ಮೇಲೆ ಸಾಸಿವೆ ಗೊಜ್ಜಿನ ಹಳೆಯ ಕಲೆ.

"ಅಯ್ಯಯ್ಯೋ, ಡಲೂತ್ ನೈಟಿ ಹಾಕ್ಕೊಂಡಿದಾನೆ!" ಎಂದು ಕೋರ್ಬಿನ್ ಕಿರುಚಿದ. ಕೋರ್ಬಿನ್ ಎಂಬುವನು ಯಾರು ಗೆಲ್ಲುತ್ತಾರೋ ಅವರ ಪಕ್ಕದಲ್ಲಿ ನಿಂತು ಕೂಗುವವನು. ಅಂಥವರು ಎಲ್ಲ ತರಗತಿಗಳಲ್ಲಿಯೂ ಇರುತ್ತಾರೆ. ದೊಡ್ಡವರಾದ ಮೇಲೆ ಅವರಿಗೆ ಕ್ರೀಡಾಂಗಣ ಸಿಗುತ್ತದೆ.

"ನೈಟಿ ಅಲ್ಲ ಕಣೋ, ಟೆಂಟು. ಒಳಗೆ ಅವನ ಬ್ರೆನೆಕ್ ಕೂತು ಅಳ್ತಿದಾನೆ" ಎಂದಳು ಇಲ್ಕಾ. ತನ್ನ ಮಾತಿಗೆ ಬಂದ ನಗು ಅವಳಿಗೆ ಬಿಸಿ ಚಾಕೊಲೇಟಿನಂತೆ ಹಿತವಾಯಿತು. ಆದ್ದರಿಂದ ಇನ್ನೊಂದು ಆಡಿದಳು, ಮತ್ತೊಂದು ಆಡಿದಳು.

ಊಟದ ಹೊತ್ತಾಯಿತು. ಎಲ್ಲರೂ ಟ್ರೇ ಬದಿಗೆ ಸರಿಸಿ ಕಾದರು. ಬೆಂಚು ಹತ್ತುವ ಮೊದಲು ಆರ್ವೋ ಇಲ್ಕಾಳ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಒಂದು ಮಾತು. ಟಿ.ವಿ.ಯಲ್ಲಿ ನೋಡಿದಾಗ ಆ ಎಸೆತ ಸ್ವಲ್ಪ ಹಿಂದಕ್ಕೆ ಹೋದ ಹಾಗೆ ಅನ್ನಿಸ್ತು. ಆದ್ರೆ ಕ್ಯಾಮೆರಾ ಓರೆಯಾಗಿತ್ತು, ಗೊತ್ತಾಗ್ಲಿಲ್ಲ. ನಿಮ್ಮ ಸೀಟು ಆ ಗೆರೆ ನೇರಕ್ಕೇ ಇತ್ತು ಅಂತ ಬೆಳಿಗ್ಗೆ ಹೇಳ್ತಿದ್ಯಲ್ಲ. ನೀನು ನೋಡಿದ್ಯಾ?"

ಅವನ ದನಿಯಲ್ಲಿ ಕೆಣಕು ಇರಲಿಲ್ಲ. ಗೊತ್ತಿಲ್ಲದವನು ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದ್ದ.

ಇಲ್ಕಾಳ ಕಣ್ಣಮುಂದೆ ಆ ಬಿಳಿ ಗೆರೆ ಹಾದುಹೋಯಿತು. ಗೆರೆಯ ಮೇಲೆ ರೋಲಂಡನ ಕಾಲು. ಗೆರೆಯ ಹಿಂದೆ ಚೆಂಡು ಹಿಡಿದವನ ಎರಡೂ ಕಾಲು. ಹಿಂದಿನಿಂದ ಕೋರ್ಬಿನ್ "ಹಾಡು! ಹಾಡು!" ಎಂದು ಮೇಜು ಕುಟ್ಟುತ್ತಿದ್ದ.

"ಮುಂದಕ್ಕೇ ಹೋಯ್ತು" ಎಂದಳು ಇಲ್ಕಾ. "ಕಣ್ಣಾರೆ ನೋಡಿದೀನಿ."

"ಸರಿ ಹಾಗಾದ್ರೆ" ಎಂದು ಆರ್ವೋ ಬೆಂಚು ಹತ್ತಿದ.

ಒಂದೆರಡು ಸಾಲು ತೊದಲಿ ಇಳಿದುಬಿಡುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನೋ ಟಗ್ಸ್ ತಂಡದ ಹಾಡನ್ನು ಪೂರ್ತಿ ಕಲಿತು ಬಂದಿದ್ದ. ಊರಿನವರಿಗೇ ನೆನಪಿಲ್ಲದ ಮೂರನೆಯ ಚರಣವನ್ನೂ ಬಿಡದೆ, ಕೆಂಪೇರಿದ ಮುಖವನ್ನು ನೆಟ್ಟಗಿಟ್ಟುಕೊಂಡು ಹಾಡಿ ಮುಗಿಸಿದ. ಸುತ್ತಲಿಂದ ಹಾಲಿನ ಸ್ಟ್ರಾ ಸುತ್ತಿದ್ದ ಕಾಗದದ ಉಂಡೆಗಳು ಅವನ ಮೇಲೆ ಬಂದು ಬೀಳುತ್ತಿದ್ದವು.

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಇಲ್ಕಾ.

*

ಆ ಸಂಜೆ ಗ್ಯೂರಿ ಮಾಮ ತೋಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬಂದ. ರಾಜಮುದ್ರೆಯನ್ನು ತೋರಿಸುವ ದೂತನಂತೆ ಅದನ್ನು ಮೆಲ್ಲನೆ ಬಿಚ್ಚಿದ. ಊದಿದ ಕೆಂಪು ಚರ್ಮದ ಮೇಲೆ ರೋಲಂಡನ ದಾಖಲೆಯ ಅಂಕಿಯನ್ನು ಕಪ್ಪು ಹಚ್ಚೆಯಲ್ಲಿ ಕೊರೆಸಿಕೊಂಡಿದ್ದ. ಕೆಳಗೆ ಒಂದು ಪುಟ್ಟ ಹಡಗು.

"ನಿನ್ನ ಫೋನ್ ನಂಬರ್ ನೆನಪಿರಲ್ಲ ನಿನಗೆ. ಇದನ್ನ ಕೈ ಮೇಲೆ ಬರೆಸ್ಕೊಂಡ್ಯಾ?" ಎಂದಳು ಅಮ್ಮ.

"ಅಕ್ಕ, ಇದು ನಾವು ಮಾಡಿದ ದಾಖಲೆ. ಸಾಯೋವರೆಗೂ ಇರ್ಬೇಕು."

"ನಾವು ಅಂದ್ರೆ? ನೀನು ಯಾವ ಚೆಂಡು ಎಸೆದೆ? ಕಸದ ಚೀಲ ಎಸಿಯೋಕೇ ಮೂರು ಸಲ ಹೇಳ್ಬೇಕು."

ಆ ದಾಖಲೆ ಬುಧವಾರದವರೆಗೆ ಇತ್ತು.

ಪ್ರತಿ ವಾರವೂ ಪಂದ್ಯಾವಳಿ ನಡೆಸುವ ಲೀಗಿನವರು ಎಲ್ಲ ಪಂದ್ಯಗಳ ಚಿತ್ರಗಳನ್ನು ಮತ್ತೆ ನೋಡಿ ಲೆಕ್ಕಗಳನ್ನು ತಿದ್ದುತ್ತಾರೆ. ಬುಧವಾರ ಸಂಜೆ ಟಿ.ವಿ.ಯಲ್ಲಿ ಸುದ್ದಿ ಬಂತು. ಗೆರೆಯ ನೇರಕ್ಕಿದ್ದ ಒಂದು ಕ್ಯಾಮೆರಾದ ಚಿತ್ರವನ್ನು ನಿಲ್ಲಿಸಿ ತೋರಿಸಿದರು. ಚೆಂಡು ಹಿಂದಕ್ಕೆ ಹೋಗಿತ್ತು. ಆ ಗಜಗಳೆಲ್ಲ ಓಡಿದವನ ಪಾಲಾದವು. ರೋಲಂಡನಿಗೆ ದಾಖಲೆಗೆ ಹತ್ತೊಂಬತ್ತು ಗಜ ಕಡಮೆ ಬಿತ್ತು. ಇನ್ನೆರಡು ಸಣ್ಣ ಎಸೆತ ಎಸೆದಿದ್ದರೆ ಸಾಕಿತ್ತು. ಕೈಯಲ್ಲಿ ಕಾಲುಭಾಗ ಆಟವಿತ್ತು. ಅದರಲ್ಲಿ ಅವನು ಕಂಬಳಿ ಹೊದ್ದು ಕೈಬೀಸಿದ್ದ.

ಮಾಮನ ಚಮಚೆ ಪಾಪ್ರಿಕಾಶ್ ಎಂಬ ಕೋಳಿ ಸಾರಿನ ತಟ್ಟೆಯೊಳಗೆ ಬಿತ್ತು. "ಮೋಸ! ಇದು ಡಲೂತ್‌ನವರ ಕುತಂತ್ರ!"

ಊರಿಗೆ ಊರೇ ಹಾಗೆ ಕೂಗಿತು. ರೇಡಿಯೋಗೆ ಫೋನ್ ಮಾಡಿದವನೊಬ್ಬ ಕ್ಯಾಮೆರಾ ಸೊಟ್ಟಗಿತ್ತೆಂದ. ಇನ್ನೊಬ್ಬ ಗೆರೆಯನ್ನೇ ಸೊಟ್ಟಗೆ ಎಳೆದಿದ್ದಾರೆಂದ. ಭೂಮಿ ದುಂಡಗಿರುವುದೇ ಕಾರಣವೆಂದು ಹೇಳುವವನು ಬಹುಶಃ ಸಾಲಿನಲ್ಲಿ ಕಾಯುತ್ತಿದ್ದ.

ಆಮೇಲೆ ರೋಲಂಡ್ ಪರದೆಯ ಮೇಲೆ ಬಂದ. ಆಯಾಸಗೊಂಡ ಮುಖ. "ಹಿಂದಕ್ಕೆ ಹೋಯ್ತು ಅಂತ ಆಗಲೇ ನನಗೆ ಅನುಮಾನ ಬಂದಿತ್ತು" ಎಂದ. "ಅಷ್ಟರಲ್ಲಿ ಕೊಂಬು ಊದಿಬಿಟ್ರು. ಅಮ್ಮನೂ ಮೈದಾನಕ್ಕೆ ಬಂದುಬಿಟ್ಟಿದ್ರು."

"ಕೇಳಿದ್ರಾ?" ಮಾಮ ಕುರ್ಚಿ ಬಿಟ್ಟು ಎದ್ದ. "ಗೊತ್ತಿತ್ತಂತೆ! ಗೊತ್ತಿದ್ದೂ ಬಾಯ್ ಮುಚ್ಕೊಂಡು ಕೈ ಬೀಸ್ತಾ ಕೂತಿದ್ನಂತೆ! ಹದಿನೆಂಟು ವರ್ಷ ಎಸೆದೋನಿಗೆ ಮುಂದೆ ಯಾವುದು, ಹಿಂದೆ ಯಾವುದು ಗೊತ್ತಾಗ್ಬೇಡ್ವಾ? ಕಳ್ಳ!"

"ಮಾಮ, ನಾನು ಭಾನುವಾರವೇ ಹೇಳಿದ್ದೆ" ಎಂದಳು ಇಲ್ಕಾ.

"ಏನು ಹೇಳಿದ್ದೆ?"

"ಚೆಂಡು ಹಿಂದಕ್ಕೆ ಹೋಯ್ತು ಅಂತ. ನೀನೇ ಬಾಯ್ ಮುಚ್ಕೋ ಅಂದೆ."

"ನಾನಾ? ಯಾವಾಗ? ನೀನು ಹೇಳಿದ್ರೆ ನಾನು ಕೇಳ್ತಿರ್ಲಿಲ್ವೇ?"

ಅಮ್ಮ ತಮ್ಮನ ತೋಳನ್ನೇ ನೋಡುತ್ತಿದ್ದಳು. "ಗ್ಯೂರಿ, ಅಳಿಸೋ ರಬ್ಬರ್ ತಂದ್ಕೊಡ್ಲಾ?"

ಬೇರೆ ದಿನವಾಗಿದ್ದರೆ ಇಲ್ಕಾ ನಕ್ಕು ಉರುಳುತ್ತಿದ್ದಳು. ಅಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಗೊತ್ತಿದ್ದೂ ಸುಮ್ಮನಿದ್ದವನು ಕಳ್ಳನಾದರೆ, ಗೊತ್ತಿದ್ದೂ ಸುಳ್ಳು ಹೇಳಿದವರಿಗೆ ಮಾಮ ಏನೆನ್ನುತ್ತಾನೆ? ಅವಳು ಕೇಳಲು ಹೋಗಲಿಲ್ಲ.

*

ಗುರುವಾರ ಇಲ್ಕಾ ಯುದ್ಧಕ್ಕೆ ಸಜ್ಜಾಗಿಯೇ ಶಾಲೆಗೆ ಹೋದಳು. ಆರ್ವೋ ಕುಣಿದಾಡಿದರೆ ಹೀಗೆನ್ನಬೇಕು, ಜೆರ್ಸಿ ತಂದು ಮುಖಕ್ಕೆ ಹಿಡಿದರೆ ಹಾಗೆನ್ನಬೇಕು ಎಂದು ಒಂದೊಂದು ಬಾಣವನ್ನೂ ಮಸೆದಿಟ್ಟುಕೊಂಡಿದ್ದಳು. ಅವನು ಅಣಕಿಸಲಿ. ಅಣಕಿಸಿದರೆ ತಿರುಗಿ ಅಣಕಿಸಬಹುದು. ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ.

ಆರ್ವೋ ಎಂದಿನ ಹಸಿರು ಸ್ವೆಟರಿನಲ್ಲಿ ಬಂದು ತನ್ನ ಜಾಗದಲ್ಲಿ ಕೂತ. ಬೂದುಬಣ್ಣದ ಟೋಪಿಯೂ ಇರಲಿಲ್ಲ.

ಕೋರ್ಬಿನ್‌ಗೆ ತಡೆಯಲಾಗಲಿಲ್ಲ. "ಏನೋ ಡಲೂತ್, ಒಳಗೊಳಗೇ ಖುಷಿ ಪಡ್ತಿದೀಯಾ? ನಿಮ್ಮೋರು ಮೋಸ ಮಾಡಿ ದಾಖಲೆ ಕಿತ್ಕೊಂಡ್ರಲ್ಲ!"

"ಹೌದು, ಮೋಸಗಾರ್ರು!" ಎಂದು ನಾಲ್ಕಾರು ದನಿ ಸೇರಿದವು.

ಆರ್ವೋ ಪುಸ್ತಕ ಮುಚ್ಚಿದ. "ಲೀಗ್‌ನವರು ತಪ್ಪಿರಬಹುದು" ಎಂದ.

ಡಲೂತಿನ ಹುಡುಗನ ಬಾಯಲ್ಲಿ ಇಂಥ ಮಾತೆ?

"ಕ್ಯಾಮೆರಾ ಕಂಬದ ಮೇಲಿರುತ್ತೆ, ಗಾಳಿಗೆ ಅಲ್ಲಾಡುತ್ತೆ. ಇಲ್ಕಾ ಗೆರೆ ನೇರಕ್ಕೇ ಕೂತಿದ್ಲು. ಚೆಂಡು ಮುಂದಕ್ಕೆ ಹೋಗಿದ್ದನ್ನ ಕಣ್ಣಾರೆ ನೋಡಿದಾಳೆ. ಸೋಮವಾರವೇ ನಾನು ಕೇಳಿದ್ದೆ. ಅವಳು ನೋಡಿರೋದು ನಿಜ ಅಂದ್ರೆ ದಾಖಲೆನೂ ನಿಜ." ಅವನು ತಿರುಗಿ ಅವಳತ್ತ ನೋಡಿದ. "ಅಲ್ವಾ ಇಲ್ಕಾ?"

ಎಲ್ಲ ಮುಖಗಳೂ ಅವಳ ಕಡೆಗೆ ಹೊರಳಿದವು. ಕೋರ್ಬಿನ್ ಆಗಲೇ ಹಲ್ಲು ಕಿರಿಯುತ್ತಿದ್ದ. "ಹೌದು" ಎಂದರೆ ಸಾಕು, ಇಡೀ ತರಗತಿ ಮೇಜು ಕುಟ್ಟುತ್ತಿತ್ತು. ಅವಳು ಮಸೆದಿಟ್ಟ ಬಾಣಗಳಲ್ಲಿ ಇದಕ್ಕೆ ಹೊಂದುವಂಥದು ಒಂದೂ ಇರಲಿಲ್ಲ.

"ಇಲ್ಲ" ಎಂದಳು ಇಲ್ಕಾ.

"ಏನಿಲ್ಲ?" ಎಂದ ಕೋರ್ಬಿನ್.

"ಹಿಂದಕ್ಕೆ ಹೋಯ್ತು. ನಾನು ನೋಡಿದ್ದೆ. ಭಾನುವಾರವೇ ನೋಡಿದ್ದೆ." ಅವಳ ದನಿ ಒಡೆಯಿತು. "ಆರ್ವೋ ಕೇಳಿದಾಗ ಸುಳ್ಳು ಹೇಳ್ದೆ."

"ಥೂ! ನಮ್ಮೋಳಾಗಿ ಹೀಗಂತಾಳೆ ನೋಡ್ರೋ!" ಎಂದು ಕೋರ್ಬಿನ್ ಮುಖ ಸಿಂಡರಿಸಿದ. ಅವನ ತಿರಸ್ಕಾರ ಅವಳಿಗೆ ನಾಟಲಿಲ್ಲ. ಅವಳು ಆರ್ವೋನನ್ನೇ ನೋಡುತ್ತಿದ್ದಳು.

ಅವನ ಕಿವಿಗಳು ಮೆಲ್ಲಗೆ ಕೆಂಪಾದವು. ಬೆಂಚಿನ ಮೇಲೆ ನಿಂತು ಮೂರು ಚರಣ ಹಾಡಿದಾಗಲೂ ಅವು ಅಷ್ಟು ಕೆಂಪಾಗಿರಲಿಲ್ಲ.

"ನಾಳೆ ನಿಮ್ಮ ಜೆರ್ಸಿ ತಂದ್ಕೊಡು" ಎಂದಳು ಇಲ್ಕಾ. "ಹಾಕ್ಕೋತೀನಿ. ಹಾಡ್ತೀನಿ."

"ಬೇಡ" ಎಂದ ಆರ್ವೋ.

ಅಣಕಿಸಲಿಲ್ಲ, ಬಯ್ಯಲಿಲ್ಲ. ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದು ಬಿಟ್ಟ ಲೆಕ್ಕವನ್ನು ಮುಂದುವರಿಸಿದ.

*

ಮರುದಿನ ಬಿಡುವಿನ ಹೊತ್ತಿನಲ್ಲಿ ಮಕ್ಕಳು ಹಿಮ ತುಳಿದು ಗಟ್ಟಿಯಾಗಿದ್ದ ಅಂಗಳದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಎರಡೂ ಬದಿಗೆ ಕೋಟುಗಳನ್ನು ಸಾಲಾಗಿ ಎಸೆದು ಗೆರೆ ಮಾಡಿದ್ದರು. ಕೋರ್ಬಿನ್ ಒಂದು ಉದ್ದನೆಯ ಎಸೆತವನ್ನು ಅಂಚಿನಲ್ಲಿ ಹಾರಿ ಹಿಡಿದು ಬಿದ್ದ. ಇಲ್ಕಾ ಅವನ ಕಡೆಯ ಆಟಗಾರ್ತಿ.

"ಒಳಗೆ! ನಾನು ಒಳಗಿದ್ದೆ!" ಎಂದು ಅವನು ಬಿದ್ದಲ್ಲಿಂದಲೇ ಕೂಗಿದ.

"ಹೊರಗೆ!" ಎಂದಿತು ಎದುರು ತಂಡ.

ಎದುರು ತಂಡದಲ್ಲಿದ್ದ ಆರ್ವೋ ಓಡಿ ಬಂದ. ಕೋಟುಗಳ ಸಾಲಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ಇಲ್ಕಾ. ಅವನ ನೋಟ ಅವಳ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವಳನ್ನು ದಾಟಿ, ಆಚೆ ಮೂಲೆಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದ ಸಹಪಾಠಿ ಡೆಲ್ಫೀನಳ ಕಡೆಗೆ ಹೋಯಿತು.

"ಡೆಲ್ಫೀನ್, ನೀನು ನೋಡಿದ್ಯಾ?"

ಡೆಲ್ಫೀನ್ ಕನ್ನಡಕದ ಮೇಲಿನ ಹಿಮ ಒರೆಸಿಕೊಳ್ಳತೊಡಗಿದಳು.

ಇಲ್ಕಾಳನ್ನು ಯಾರೂ ಕೇಳಲಿಲ್ಲ. ಅವಳು ತಾನಾಗಿಯೇ ನಡೆದು ಹೋಗಿ, ಹಿಮದಲ್ಲಿ ಕೋರ್ಬಿನ್‌ನ ಹಿಮ್ಮಡಿ ಊರಿದ್ದ ಕಡೆ ತನ್ನ ಬೂಟನ್ನಿಟ್ಟಳು. ಅದು ಕೋಟುಗಳ ಸಾಲಿನಿಂದ ಆಚೆಗಿತ್ತು.

"ಹೊರಗೆ" ಎಂದಳು.

"ನೀನು ಯಾವ ಕಡೆಯವಳೇ!" ಎಂದು ಕೋರ್ಬಿನ್ ಅರಚಿದ. ಅವಳು ಬೂಟು ಕದಲಿಸಲಿಲ್ಲ.

ಆರ್ವೋ ಬೂಟನ್ನು ನೋಡಿದ, ಅವಳ ಮುಖವನ್ನು ನೋಡಿದ. ಚೆಂಡಿಗೆ ಕೈ ಹಾಕಲಿಲ್ಲ. ಡೆಲ್ಫೀನ್ ಕನ್ನಡಕ ಏರಿಸಿಕೊಂಡು ಹತ್ತಿರ ಬಂದಳು. ಬಗ್ಗಿ ಹಿಮದ ಗುರುತನ್ನು ನೋಡಿದಳು. "ಹೌದು, ಹೊರಗೆ" ಎಂದಳು.

ಆಗ ಅವನು ಚೆಂಡನ್ನು ಎತ್ತಿಕೊಂಡ.

ಇಲ್ಕಾ ತನ್ನ ಜಾಗಕ್ಕೆ ಮರಳಿ ಹೋಗಿ ನಿಂತಳು. ಕೋಪ ಬರಬೇಕಿತ್ತು, ಬರಲಿಲ್ಲ. ಡೆಲ್ಫೀನ್ ಹೇಳುವವರೆಗೆ ಅವನು ಕಾದದ್ದು ಸರಿಯೆಂದು ಅವಳಿಗೆ ತಿಳಿದಿತ್ತು. ಆಟ ಮತ್ತೆ ಶುರುವಾದಾಗ ಅವಳು ಗೆರೆಯ ಹತ್ತಿರವೇ ನಿಂತು, ಕಣ್ಣು ಕೀಲಿಸಿ ನೋಡತೊಡಗಿದಳು.